ಕೈಗೆ ಕೆಲಸ, ಕಿವಿಗೆ ನಾಟಕ

ಫೆಬ್ರವರಿ 13 ವಿಶ್ವ ರೇಡಿಯೊ ದಿನ. ಕಳೆದ ಸಲ ಆ ದಿನ ಹಾಸನದ ನಮ್ಮ ಮನೆಯಿಂದ ಬೆಳಗ್ಗೆ 6.30ರಿಂದ ರಾತ್ರಿ 10.30ರವರೆಗೆ ಇಂಟರ್ನೆಟ್ ರೇಡಿಯೊ ನಡೆಸಿದೆವು. ಸಿನಿಮಾ ಹಾಡು ಒಂದೂ ಇಲ್ಲ. ಹಾಸ್ಯ, ನಾಟಕ, ಕಲೆಯ ಬಗ್ಗೆ ಮಾತುಕತೆ, ಇಷ್ಟೇ. ಹೊಸದಾಗಿ ಮಾಡಿದ್ದು ಸುಮಾರು 5 ಗಂಟೆಯಷ್ಟು, ಉಳಿದದ್ದು ಮರುಪ್ರಸಾರ. ನಾನು ಆಕಾಶವಾಣಿಯ ನಾಟಕಗಳಲ್ಲಿ ವರ್ಷಗಟ್ಟಲೆ ಪಾತ್ರ ಮಾಡಿದವಳು. ಆದರೆ ಯಾರೋ ಕೊಟ್ಟ ಸ್ಕ್ರಿಪ್ಟ್ ಹಿಡಿದು ಮೈಕ್ ಮುಂದೆ ನಿಲ್ಲುವುದು ಬೇರೆ, ಇಡೀ ದಿನವನ್ನು ಜೋಡಿಸುವುದೇ ಬೇರೆ.

ಮೊದಲು ಒಂದು ಹಾಳೆ ತಗೊಂಡು, ಕೇಳುವವರ ಕೈ ಯಾವ ಹೊತ್ತಿನಲ್ಲಿ ಏನು ಮಾಡುತ್ತಿರುತ್ತದೆ ಅಂತ ಬರೆದೆ. ಬೆಳಗ್ಗೆ ಡೈರಿಗೆ ಹಾಲು, ಮಕ್ಕಳ ಡಬ್ಬಿ. ಹಗಲೆಲ್ಲ ಸಕಲೇಶಪುರದ ಕಡೆ ಕಾಫಿ ಕೊಯ್ಲು, ರೊಬಸ್ಟಾ ಇನ್ನೂ ಮುಗಿದಿರಲಿಲ್ಲ. ಮಧ್ಯಾಹ್ನ ಮುದ್ದೆ ಊಟ. ಸಂಜೆ 7ರಿಂದ 9.30 ಟಿವಿ ಸೀರಿಯಲ್. ಆ ಹೊತ್ತಿನಲ್ಲಿ ನಮ್ಮನ್ನು ಯಾರೂ ಕೇಳುವುದಿಲ್ಲ, ಅದಕ್ಕೇ ಅಲ್ಲಿ ಮರುಪ್ರಸಾರ ಹಾಕಿದೆ. ದೊಡ್ಡ ನಾಟಕ 9.30ಕ್ಕೆ.

ಅರ್ಧ ಗಂಟೆಯ ಹಾಸ್ಯ ನಾಟಕವನ್ನು ಮೊದಲು ಬೆಳಗ್ಗೆ 7ಕ್ಕೆ ಇಟ್ಟಿದ್ದೆ. ದಿನ ನಗುನಗುತ್ತಾ ಶುರುವಾಗಲಿ ಅಂತ. ಅದನ್ನು ನನ್ನ ಅಡುಗೆಮನೆಯಲ್ಲೇ ಹಾಕಿ ಕೇಳಿದೆ. ಕುಕ್ಕರ್ ಒಂದು ಸಲ ಕೂಗಿತು, ಒಂದು ಮಾತು ಹೋಯಿತು. ಮುಂದಿನ ನಾಲ್ಕು ನಿಮಿಷದ ನಗು ಆ ಒಂದು ಮಾತಿನ ಮೇಲೇ ನಿಂತಿತ್ತು. ಗಂಭೀರ ನಾಟಕದಲ್ಲಿ ಎರಡು ಮಾತು ತಪ್ಪಿದರೂ ಕತೆ ಸಿಗುತ್ತದೆ, ಹಾಸ್ಯದಲ್ಲಿ ಸಿಗುವುದಿಲ್ಲ. ಹಾಗಾಗಿ ಬೆಳಗ್ಗೆ ಮೂರು ನಿಮಿಷದ ನಗೆಹನಿಗಳು ಮಾತ್ರ, ನಾಟಕ ಊಟ ಮುಗಿದ ಮೇಲೆ 2ಕ್ಕೆ.

ಹಾಸ್ಯದ ರೆಕಾರ್ಡಿಂಗ್ ಇನ್ನೂ ಕಷ್ಟ. ಖಾಲಿ ರೂಮಿನಲ್ಲಿ ಎಲ್ಲರೂ ಮಾತನ್ನು ಓಡಿಸಿಕೊಂಡು ಹೋಗುತ್ತಾರೆ. ರಂಗದ ಮೇಲಾದರೆ ಜನ ನಕ್ಕಾಗ ನಟ ತಾನಾಗಿಯೇ ನಿಲ್ಲುತ್ತಾನೆ. ಇಲ್ಲಿ ನಿಲ್ಲಿಸುವವರು ಯಾರು? ಎರಡನೇ ದಿನ ಅಕ್ಕಪಕ್ಕದ ಮನೆಯ ನಾಲ್ಕು ಜನರನ್ನು ಕರೆದು ಕೂರಿಸಿದೆ. ಬಾಯಿಗೆ ಟವೆಲ್ ಒತ್ತಿಕೊಂಡು ನಗಿ ಅಂದೆ. ಅವರ ನಗು ರೆಕಾರ್ಡ್ ಆಗಲಿಲ್ಲ, ಆದರೆ ಅಲುಗಾಡುವ ಭುಜ ನೋಡಿ ನಟರು ಸರಿಯಾದ ಕಡೆ ಮಾತು ನಿಲ್ಲಿಸಿದರು. ಅದೇ ಸ್ಕ್ರಿಪ್ಟ್ ಒಂದೂವರೆ ನಿಮಿಷ ಉದ್ದವಾಯಿತು. ಮನೆಯಲ್ಲಿ ಕೇಳುವವರು ನಗುವುದಕ್ಕೆ ಜಾಗ ಸಿಕ್ಕಿದ್ದು ಆ ಒಂದೂವರೆ ನಿಮಿಷದಲ್ಲಿ.

ರಾತ್ರಿಯ ನಾಟಕಕ್ಕೆ ಬಂದ ಹೊಸ ಹುಡುಗರಿಗೆ ನಾನು ಹೇಳಿದ್ದು 1924ರ ಸಂಗತಿ. ಆ ವರ್ಷ ಬಿಬಿಸಿಯಲ್ಲಿ ರೇಡಿಯೊಗಾಗಿಯೇ ಬರೆಸಿದ ನಾಟಕವೊಂದು ಬಂತು. ಕಲ್ಲಿದ್ದಲು ಗಣಿಯೊಳಗೆ ದೀಪ ಆರಿಹೋಗುತ್ತದೆ. ಪಾತ್ರಗಳಿಗೂ ಏನೂ ಕಾಣುವುದಿಲ್ಲ, ಕೇಳುವವರಿಗೂ ಕಾಣುವುದಿಲ್ಲ. ಇಬ್ಬರೂ ಒಂದೇ ಕತ್ತಲಲ್ಲಿ. ನಾವೂ ಅದೇ ದಾರಿ ಹಿಡಿದೆವು: ಮಲೆನಾಡಿನ ಒಂಟಿ ಮನೆ, ಜಡಿಮಳೆ, ಕರೆಂಟ್ ಇಲ್ಲ.

ಫೆಬ್ರವರಿಯಲ್ಲಿ ಮಳೆ ಎಲ್ಲಿಂದ ತರೋದು? ಹಿಂದಿನ ಜುಲೈನಲ್ಲಿ ಶೀಟಿನ ಮನೆಯಲ್ಲಿ ಮೊಬೈಲಿಗೆ ಹಿಡಿದಿದ್ದ ನಿಜವಾದ ಮಳೆ ಇತ್ತು. ಕೇಳಿದರೆ ಬೋಂಡ ಕರಿದ ಹಾಗಿತ್ತು. ಕೊನೆಗೆ ಬಿದಿರಿನ ಮೊರ, ಎರಡು ಹಿಡಿ ರಾಗಿ. ಮೈಕಿನಿಂದ ಒಂದು ಗೇಣು ದೂರದಲ್ಲಿ ಮೊರವನ್ನು ನಿಧಾನಕ್ಕೆ ವಾಲಿಸಿದರೆ ರಾಗಿ ಜಾರುತ್ತಾ ಹೆಂಚಿನ ಮೇಲಿನ ಮಳೆಯಾಗುತ್ತದೆ. ಕೈ ಚುರುಕು ಮಾಡಿದರೆ ಮಳೆ ಜೋರು. ರಾಗಿಯೊಳಗೆ ನಾಲ್ಕು ಕಡಲೆಕಾಳು ಹಾಕಿದ್ದು ಪಕ್ಕದ ಮನೆ ಅಜ್ಜಿ. "ಸೂರಿನ ಹನಿ ದಪ್ಪ ಕಣವ್ವಾ" ಅಂದರು. ಹಾಕಿದ ಕೂಡಲೇ ಸೂರು ಕೇಳಿಸಿತು.

ಆದರೆ ಆ ನಾಟಕದ ಅತ್ತೆ ಸೊಸೆಯ ದನಿ ಒಂದೇ ಥರ ಇತ್ತು. ಸ್ಕ್ರಿಪ್ಟ್ ಕೈಯಲ್ಲಿದ್ದ ನಮಗೆ ಗೊತ್ತಾಗಲಿಲ್ಲ. ಸ್ಕ್ರಿಪ್ಟ್ ನೋಡದ ತಂಗಿಗೆ ಕೇಳಿಸಿದಾಗ, "ಈಗ ಅತ್ತದ್ದು ಯಾರಕ್ಕ?" ಅಂದಳು. ಪಾತ್ರ ಬದಲಿಸಿ ಪೂರ್ತಿ ಮತ್ತೆ ಮಾಡಿದೆವು. ಪಾತ್ರ ಹಂಚುವಾಗ ಈಗ ಕಣ್ಣು ಮುಚ್ಚಿಕೊಂಡು ಕೂರುತ್ತೇನೆ.

ಕಲೆಯ ಕಾರ್ಯಕ್ರಮಕ್ಕೆ ಬೇಲೂರಿನ ದೇವಸ್ಥಾನದ ಮದನಿಕೆಯರನ್ನು, ಅಂದರೆ ಅಲ್ಲಿನ ಸುಂದರಿಯರ ಶಿಲ್ಪಗಳನ್ನು ಆರಿಸಿದೆ. ಹೊಯ್ಸಳ ದೊರೆ ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ದೇವಸ್ಥಾನ, ಒಟ್ಟು 42 ಮದನಿಕೆಯರು ಅಂತೆಲ್ಲ ಮೊದಲ ಸಲ ಬರೆದಿದ್ದೆ. ಅದು ಪಾಠವಾಯಿತು. ಶಿಲ್ಪ ಕಾಣಿಸಲೇ ಇಲ್ಲ. ಹರಿದು ಹಾಕಿ, ದರ್ಪಣ ಸುಂದರಿ ಒಬ್ಬಳನ್ನೇ ಇಟ್ಟುಕೊಂಡೆ. ಅವಳ ಕನ್ನಡಿಯಿಂದ ಶುರು, ಕನ್ನಡಿ ಹಿಡಿದ ಬೆರಳು, ತೋಳು, ಮುಖ. ಕೇಳುವವರ ಕಣ್ಣನ್ನು ಕೈ ಹಿಡಿದು ನಡೆಸುವ ಹಾಗೆ. ನಡುವೆ ಒಬ್ಬ ಶಿಲ್ಪಿಯ ಉಳಿಯ ಸದ್ದು ಹಿಡಿದು ತಂದಿದ್ದೆ. ಬಳಪದ ಕಲ್ಲು ಮೆತ್ತಗಿರುತ್ತದಲ್ವಾ, ಅಷ್ಟು ಸಣ್ಣ ಕೆತ್ತನೆ ಸಾಧ್ಯವಾದದ್ದು ಅದರಿಂದಲೇ. ಉಳಿ ದಪ್ಪಗೆ ಕೆತ್ತುವಾಗ ಟಕ್ ಟಕ್, ನಯ ಮಾಡುವಾಗ ಬರೀ ಸರಸರ. ಆ ಎರಡು ಸದ್ದಿನ ನಡುವೆ ನಾನು ಒಂದು ಮಾತೂ ಆಡಲಿಲ್ಲ. ಇಡೀ ದಿನದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಅದು.

ಮಧ್ಯಾಹ್ನ 3ಕ್ಕೆ ಕೊಪ್ಪದ ಕಡೆಯವರ ತಾಳಮದ್ದಳೆ, ಅಂದರೆ ಕೂತು ಮಾಡುವ ಯಕ್ಷಗಾನ, ಕೃಷ್ಣ ಸಂಧಾನದ ಭಾಗ. ವೇಷ ಇಲ್ಲ, ಕುಣಿತ ಇಲ್ಲ, ಭಾಗವತರ ಪದ, ಅರ್ಥಧಾರಿಗಳ ಮಾತು. ರೇಡಿಯೊ ಹುಟ್ಟುವ ಮೊದಲೇ ರೇಡಿಯೊಗೆ ಮಾಡಿಟ್ಟ ಹಾಗಿದೆ. ನಾನು ಕೊಟ್ಟಿದ್ದು 40 ನಿಮಿಷ. ಅರ್ಥಧಾರಿಗಳು ಆಗಿಂದಾಗಲೇ ಮಾತು ಕಟ್ಟುವವರು, ಗಡಿಯಾರ ನೋಡಿ ಮಾತಾಡುವವರಲ್ಲ. ಕೌರವ ಉತ್ತರ ಶುರು ಮಾಡುವಷ್ಟರಲ್ಲಿ ಹೊತ್ತು ಮುಗಿದು ದನಿ ಇಳಿಸಬೇಕಾಯಿತು.

ಮಾರನೇ ದಿನ ಸಕಲೇಶಪುರದ ತೋಟದಿಂದ ಒಬ್ಬಾಕೆ ಫೋನ್ ಮಾಡಿದರು. ಒಂದೇ ಮೊಬೈಲನ್ನು ಗಿಡಕ್ಕೆ ನೇತುಹಾಕಿ ಆರು ಜನ ಕೊಯ್ಯುತ್ತಾ ಕೇಳಿದ್ದರಂತೆ. "ಕೌರವ ಏನಂದ, ಅದನ್ನ ಹಾಕ್ಲೇ ಇಲ್ವಲ್ಲಕ್ಕಾ?" ಪೂರ್ತಿ ರೆಕಾರ್ಡಿಂಗ್ ಇತ್ತು, ಕಳಿಸಿಕೊಟ್ಟೆ. ಮುಂದಿನ ಸಲಕ್ಕೆ ಮಧ್ಯಾಹ್ನ 3ರಿಂದ 4.30 ಪೂರ್ತಿ ತಾಳಮದ್ದಳೆಗೇ ಬಿಟ್ಟಿದ್ದೇನೆ.