ರೀಕಾಲ್ ಉಚಿತ, ಹಾರ್ನಿಗೆ 12,800: ಬಿಲ್ಲಿನ ಹಣ ಮರಳಿ ಪಡೆದ ನನ್ನ ಅನುಭವ

ರೀಕಾಲ್‌ಗೆ, ಅಂದರೆ ದೋಷವಿರುವ ಭಾಗವನ್ನು ಕಂಪನಿಯೇ ಉಚಿತವಾಗಿ ಬದಲಿಸಿಕೊಡುವ ಕೆಲಸಕ್ಕೆ, ಬಿಟ್ಟ ನನ್ನ ಕಾರಿನಲ್ಲಿ ತಾವೇ ಕೆಡಿಸಿದ ಭಾಗಕ್ಕೆ ವಸೂಲು ಮಾಡಿದ್ದ ಹಣವನ್ನು ಮರಳಿಸಿ ಡೀಲರ್ ಕೊಟ್ಟ ಚೆಕ್ಕು ಖಾತೆಗೆ ಜಮೆಯಾದ ದಿನ ನಾನು ಮೊದಲು ಮಾಡಿದ ಕೆಲಸವೆಂದರೆ ಪಾಸ್‌ಬುಕ್ಕಿನ ಆ ಒಂದು ಸಾಲಿನ ಫೋಟೊ ತೆಗೆದು ಭಾವನಿಗೆ ಕಳುಹಿಸಿದ್ದು. ‘ಹನ್ನೆರಡು ಸಾವಿರಕ್ಕೆ ಹನ್ನೆರಡು ತಿಂಗಳು ಅಲೆಯುವುದು ಯಾಕೆ ಮಾರಾಯ, ಒಂದು ಬೊಂಡ ಕುಡಿದು ಮರೆತುಬಿಡು’ ಎಂದು ಹೇಳಿದವರು ಅವರೇ. ಹನ್ನೆರಡು ತಿಂಗಳು ಬೇಕಾಗಲಿಲ್ಲ, ಎಂಟಕ್ಕೆ ಮುಗಿಯಿತು.

ನನ್ನದು 2012ರ ಕಾರು, ಎರಡನೆಯ ಮಾಲೀಕ ನಾನು, ವಾಸ ಕುಂದಾಪುರದಲ್ಲಿ. ಟಕಾಟಾ ಕಂಪನಿಯ ಇನ್‌ಫ್ಲೇಟರ್‌ಗಳ ಕಥೆಯನ್ನು ಇಲ್ಲಿ ಪೂರ್ತಿ ಹೇಳಬೇಕಾಗಿಲ್ಲ; ಅಪಘಾತದಲ್ಲಿ ಏರ್‌ಬ್ಯಾಗಿನ ಚೀಲ ಉಬ್ಬಿಸುವ ಈ ಡಬ್ಬಿಯೊಳಗಿನ ಅಮೋನಿಯಂ ನೈಟ್ರೇಟ್ ಬಿಸಿ ಮತ್ತು ತೇವದ ಏರಿಳಿತಕ್ಕೆ ಸಿಕ್ಕಿ ವರ್ಷಗಳು ಕಳೆದಂತೆ ಹಾಳಾಗುತ್ತದೆ, ಚೀಲ ಉಬ್ಬಬೇಕಾದ ಹೊತ್ತಿನಲ್ಲಿ ಲೋಹದ ಡಬ್ಬಿಯೇ ಸಿಡಿದು ಚೂರುಗಳು ಮುಖಕ್ಕೆ ಬರುತ್ತವೆ ಎಂಬುದಷ್ಟು ಸಾಕು. ನಮ್ಮ ಕರಾವಳಿಯ ತೇವ ಎಷ್ಟೆಂದು ನೋಡುವ ಕುತೂಹಲಕ್ಕೆ ಜುಲೈಯಲ್ಲಿ ಒಂದು ವಾರ ಗ್ಲೋವ್ ಬಾಕ್ಸಿನೊಳಗೆ ಅಗ್ಗದ ಆರ್ದ್ರತಾ ಮಾಪಕವೊಂದನ್ನು ಇಟ್ಟಿದ್ದೆ. ರಾತ್ರಿ ಹೊತ್ತು ಅದು ಶೇಕಡಾ 85ಕ್ಕಿಂತ ಕೆಳಗೆ ಇಳಿದದ್ದೇ ಇಲ್ಲ. ರೀಕಾಲ್‌ನ ಪತ್ರ ನನಗೆ ಬಂದಿರಲಿಲ್ಲ, ಏಕೆಂದರೆ ಕಂಪನಿಯ ಕಡತದಲ್ಲಿದ್ದುದು ಮೊದಲ ಮಾಲೀಕರ ವಿಳಾಸ. ಚಾಸಿಸ್ ನಂಬರನ್ನು ನಾನೇ ಕಂಪನಿಯ ಜಾಲತಾಣದಲ್ಲಿ ಹಾಕಿ ನೋಡಿದಾಗ ಚಾಲಕನ ಬದಿಯ ಇನ್‌ಫ್ಲೇಟರ್ ಬದಲಿಸುವುದು ಬಾಕಿ ಇದೆಯೆಂದು ತಿಳಿಯಿತು. 2023ರ ಜೂನ್‌ನಲ್ಲಿ ಮಂಗಳೂರಿನ ಅಧಿಕೃತ ಡೀಲರ್ ಬಳಿ ಬಿಟ್ಟೆ. ಸಂಜೆ ಸೊನ್ನೆ ರೂಪಾಯಿಯ ಬಿಲ್ಲಿನೊಂದಿಗೆ ಕಾರು ಕೈಗೆ ಬಂತು.

ಹೆದ್ದಾರಿಯಲ್ಲಿ ಮರಳಿ ಬರುವಾಗ ಸ್ಟೀರಿಂಗ್ ಚಕ್ರ ಎಡಕ್ಕೆ ಸ್ವಲ್ಪ ಓರೆಯಾಗಿರುವುದು ಕಾಣಿಸಿತು. ಕಾರು ನೇರ ಹೋಗುತ್ತಿದ್ದರೂ ಚಕ್ರದ ಅಡ್ಡ ಕಡ್ಡಿ ಗಡಿಯಾರದ ಎಂಟು ಗಂಟೆ ಹತ್ತು ನಿಮಿಷದ ಮುಳ್ಳುಗಳಂತೆ ವಾಲಿತ್ತು. ಬ್ರಹ್ಮಾವರದ ಬಳಿ ನಿಲ್ಲಿಸಿ, ಮುಂದಿನ ಗಾಲಿಗಳು ನೇರ ಇರುವಂತೆಯೇ ಫೋಟೊ ತೆಗೆದು ‘ನೋಡಿ ಇವರ ಕೆಲಸ’ ಎಂದು ಭಾವನಿಗೆ ಕಳುಹಿಸಿದೆ. ಗೊಣಗುವುದಕ್ಕೆಂದು ಕಳುಹಿಸಿದ ಆ ಫೋಟೊವೇ ಮುಂದೆ ನನ್ನನ್ನು ಕಾಯಿತು. ಮೂರನೆಯ ದಿನ ಅಂಗಳದಲ್ಲಿ ಸ್ಟೀರಿಂಗ್ ಪೂರ್ತಿ ಬಲಕ್ಕೆ ತಿರುಗಿಸಿ ರಿವರ್ಸ್ ತೆಗೆಯುವಾಗ ಚಕ್ರದೊಳಗಿನಿಂದ ಒಣ ತೆಂಗಿನ ಗರಿ ಮುರಿದ ಹಾಗೆ ‘ಟಪ್’ ಎಂಬ ಸಣ್ಣ ಸದ್ದು ಕೇಳಿತು, ಏರ್‌ಬ್ಯಾಗ್ ವ್ಯವಸ್ಥೆಯ ದೋಷ ಸೂಚಿಸುವ ಎಸ್‌ಆರ್‌ಎಸ್ ದೀಪ ಹತ್ತಿಕೊಂಡಿತು, ಹಾರ್ನ್ ಸತ್ತಿತು. ಸ್ಟೀರಿಂಗ್ ಚಕ್ರ ಎಷ್ಟು ತಿರುಗಿದರೂ ಹಾರ್ನ್ ಮತ್ತು ಏರ್‌ಬ್ಯಾಗ್‌ನ ವಿದ್ಯುತ್ ಸಂಪರ್ಕ ಕಡಿಯದಂತೆ ಕಾಯುವ ಸುರುಳಿ ತಂತಿ, ಅಂದರೆ ಕ್ಲಾಕ್ ಸ್ಪ್ರಿಂಗ್, ಹರಿದಿದೆಯೆಂದು ಬಲ್ಲವರಿಗೆ ಇಷ್ಟು ಓದಿದಾಗಲೇ ಗೊತ್ತಾಗಿರುತ್ತದೆ. ನನಗೂ ಗೊತ್ತಾಯಿತು.

ಡೀಲರ್‌ಗೆ ಮಾತ್ರ ಗೊತ್ತಾಗಲಿಲ್ಲ, ಅಥವಾ ಗೊತ್ತಾಗದಂತೆ ಇದ್ದರು. ‘ಸರ್, ಹನ್ನೊಂದು ವರ್ಷದ ಗಾಡಿ, ಇದು ಸವೆತದಿಂದ ಹೋಗುವ ಭಾಗ, ರೀಕಾಲ್‌ಗೂ ಇದಕ್ಕೂ ಸಂಬಂಧವಿಲ್ಲ, ನಮ್ಮವರು ಸ್ಟೀರಿಂಗ್ ಚಕ್ರವನ್ನು ಬಿಚ್ಚಿಯೇ ಇಲ್ಲ’ ಎಂದು ಸರ್ವಿಸ್ ಅಡ್ವೈಸರ್ ಹೇಳಿದರು. ಇನ್‌ಫ್ಲೇಟರ್ ಬದಲಿಸಲು ಏರ್‌ಬ್ಯಾಗ್ ಮಾಡ್ಯೂಲನ್ನು ಹಿಡಿದಿರುವ ಎರಡು ಬೋಲ್ಟ್ ತೆಗೆದರೆ ಸಾಕು, ಚಕ್ರ ಬಿಚ್ಚಬೇಕಾಗಿಲ್ಲ ಎಂಬುದು ನಿಜವೇ. ಬಿಲ್ಲಿನಲ್ಲಿ ಬಿಡಿಭಾಗಕ್ಕೆ 7,300ರ ಆಸುಪಾಸು, ಅದರ ಮೇಲೆ ಆಗಿನ 28 ಶೇಕಡಾ ಜಿಎಸ್‌ಟಿ. ಲೇಬರ್ ಮತ್ತು ಸ್ಕ್ಯಾನಿಂಗ್ ಸೇರಿ 2,600ರಷ್ಟು, ‘ಕನ್ಸ್ಯೂಮಬಲ್ಸ್’ ಎಂಬ ನಿಗೂಢ ಬಾಬತ್ತಿಗೆ 300ರಷ್ಟು, ಇವೆರಡರ ಮೇಲೆ 18 ಶೇಕಡಾ. ಒಟ್ಟು ಸುಮಾರು 12,800. ಹಾರ್ನ್ ಇಲ್ಲದ ಕಾರನ್ನು ಹೆದ್ದಾರಿಗೆ ತರುವಂತಿರಲಿಲ್ಲವಾದ್ದರಿಂದ ಕಾರ್ಡಿನಲ್ಲಿ ಪಾವತಿಸಿದೆ. ಅಷ್ಟೇ ಅಲ್ಲ, ಗೇಟ್ ಪಾಸ್ ಸಿಗಬೇಕಾದರೆ ‘ಕೆಲಸ ತೃಪ್ತಿಕರವಾಗಿದೆ’ ಎಂಬ ಚೀಟಿಗೂ ಸಹಿ ಹಾಕಿದೆ. ಈ ಸಹಿಯಷ್ಟು ದುಬಾರಿಯಾದ ಸಹಿಯನ್ನು ನಾನು ಬೇರೆಲ್ಲೂ ಹಾಕಿಲ್ಲ.

ಮೊದಲ ಎರಡು ತಿಂಗಳು ಬರೀ ಸೋಲು. ವರ್ಕ್ಸ್ ಮ್ಯಾನೇಜರ್ ಜೊತೆ ಫೋನಿನಲ್ಲಿ ಜಗಳವಾಡಿದೆ. ಗಂಟಲು ನನ್ನದು ಕಟ್ಟಿತು. ಕಂಪನಿಯ ಗ್ರಾಹಕ ಸೇವೆಗೆ ಮಿಂಚಂಚೆ ಬರೆದೆ. ‘ನಿಮ್ಮ ಅನಾನುಕೂಲಕ್ಕೆ ವಿಷಾದಿಸುತ್ತೇವೆ’ ಎಂಬ ಒಂದೇ ಒಕ್ಕಣೆ ಮೂರು ಸಲ ಬಂತು. ಕಾರ್ಡಿನ ಪಾವತಿಯನ್ನು ತಡೆಹಿಡಿಯಬೇಕೆಂದು ಬ್ಯಾಂಕಿನಲ್ಲಿ ತಕರಾರು ಅರ್ಜಿ ಹಾಕಿದೆ. ಡೀಲರ್ ಆ ತೃಪ್ತಿಯ ಚೀಟಿಯನ್ನು ಮುಂದಿಟ್ಟರು, ಅರ್ಜಿ ವಜಾ ಆಯಿತು. 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟೆ. ಡೀಲರ್‌ನಿಂದ ಉತ್ತರವೇನೋ ಬಂತು, ಆದರೆ ‘ವಾಹನ ರೀಕಾಲ್‌ಗೆ ಬರುವಾಗಲೇ ಎಸ್‌ಆರ್‌ಎಸ್ ದೋಷವಿತ್ತು’ ಎಂಬ ಹೊಸ ಕಥೆಯೊಂದಿಗೆ, ಮತ್ತು ದೂರು ಅಲ್ಲಿಗೇ ಮುಕ್ತಾಯವಾಯಿತು. ಆಗ ನನಗೆ ಸಿಟ್ಟು ಬಂದಿತ್ತಾದರೂ, ಈಗ ನೋಡಿದರೆ ಆ ದೂರಿಗಿಂತ ಉಪಕಾರಿಯಾದದ್ದು ಇನ್ನೊಂದಿಲ್ಲ. ಬಾಯಲ್ಲಿ ಒಂದು ಹೇಳಿದವರು ಬರಹದಲ್ಲಿ ಇನ್ನೊಂದು ಹೇಳಿ ಸಿಕ್ಕಿಬಿದ್ದಿದ್ದರು.

ಏಕೆಂದರೆ ರೀಕಾಲ್‌ನ ದಿನ ಬೆಳಿಗ್ಗೆ ಅವರದೇ ಅಡ್ವೈಸರ್ ಓಡೋಮೀಟರ್‌ನ ಫೋಟೊ ತೆಗೆದು ಜಾಬ್ ಕಾರ್ಡಿನೊಂದಿಗೆ ನನ್ನ ಮೊಬೈಲಿಗೆ ಕಳುಹಿಸಿದ್ದರು. ಅದನ್ನು ದೊಡ್ಡದು ಮಾಡಿ ನೋಡಿದೆ. ಆರ್‌ಪಿಎಂ ಮುಳ್ಳು ಎಂಟುನೂರರ ಹತ್ತಿರ ನಿಂತಿತ್ತು, ಅಂದರೆ ಎಂಜಿನ್ ಓಡುತ್ತಿತ್ತು. ಹ್ಯಾಂಡ್ ಬ್ರೇಕಿನ ದೀಪ ಕೆಂಪಗೆ ಉರಿಯುತ್ತಿತ್ತು. ಎಸ್‌ಆರ್‌ಎಸ್ ದೀಪದ ಜಾಗ ಕಪ್ಪಗಿತ್ತು. ದೋಷವಿದ್ದಿದ್ದರೆ ಅದು ಉರಿಯುತ್ತಲೇ ಇರಬೇಕಿತ್ತು. ಚಕ್ರ ಬಿಚ್ಚಿಯೇ ಇಲ್ಲವೆಂಬ ಮಾತಿಗೆ ಉತ್ತರವಾಗಿ, ಬಿಚ್ಚಿ ಓರೆಯಾಗಿ ಕೂರಿಸಿದ್ದನ್ನು ತೋರಿಸುವ ಬ್ರಹ್ಮಾವರದ ಫೋಟೊ ಇತ್ತು, ಅದಕ್ಕೆ ಬೆಂಬಲವಾಗಿ ರೀಕಾಲ್‌ಗೆ ಎರಡು ವಾರ ಮೊದಲು ಟೈರ್ ಅಂಗಡಿಯಲ್ಲಿ ಮಾಡಿಸಿದ, ಗಾಲಿಗಳನ್ನು ನೇರಕ್ಕೆ ಹೊಂದಿಸುವ ವೀಲ್ ಅಲೈನ್‌ಮೆಂಟ್‌ನ ಮುದ್ರಿತ ಚೀಟಿಯೂ ಇತ್ತು. ಐನೂರು ರೂಪಾಯಿಯ ಆ ಚೀಟಿಯನ್ನು ನಾನು ಬಿಸಾಡದೆ ಡ್ಯಾಶ್‌ಬೋರ್ಡಿನಲ್ಲಿ ತುರುಕಿಟ್ಟದ್ದಕ್ಕೆ ಜಾಣತನ ಕಾರಣವಲ್ಲ, ಸೋಮಾರಿತನ.

ಇನ್ನು ಹರಿದ ಭಾಗದ ವಿಷಯ. ಹಣ ಕೊಟ್ಟು ಬದಲಿಸಿದ ಕೆಲಸದಲ್ಲಿ ಹಳೆಯ ಭಾಗವನ್ನು ಕೇಳಿ ಪಡೆಯಬೇಕೆಂಬುದು ನಮಗೆಲ್ಲ ಗೊತ್ತಿದ್ದರೂ ಆ ದಿನದ ಗಡಿಬಿಡಿಯಲ್ಲಿ ನಾನು ಕೇಳಲು ಮರೆತಿದ್ದೆ. ವರ್ಕ್‌ಶಾಪಿನ ಯಾವುದೋ ಹುಡುಗ ಅಭ್ಯಾಸಬಲದಿಂದ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಡಿಕ್ಕಿಯಲ್ಲಿಟ್ಟಿದ್ದ. ಅವನಿಗೆ ಒಳ್ಳೆಯದಾಗಲಿ. ಮನೆಯಲ್ಲಿ ಮುಚ್ಚಳ ಬಿಚ್ಚಿದಾಗ ಒಳಗೆ ಸುರುಳಿ ಸುತ್ತಿದ ಚಪ್ಪಟೆ ರಿಬ್ಬನ್ ತಂತಿ ನಡುವಿನ ಗುಂಬದ ಹತ್ತಿರ ಮಡಚಿಕೊಂಡು, ಮಡಿಕೆಯ ಅಂಚಿನಲ್ಲೇ ಹರಿದಿತ್ತು. ಉಳಿದ ಉದ್ದಕ್ಕೂ ಅದು ಹೊಸದರಂತೆ ಹೊಳೆಯುತ್ತಿತ್ತು. ಊರಿನ ಹಳೆಯ ಎಲೆಕ್ಟ್ರಿಷಿಯನ್ ಒಬ್ಬರಿಗೆ ತೋರಿಸಿದಾಗ ಅವರು ಕನ್ನಡಕವನ್ನು ಹಣೆಗೇರಿಸಿ ನೋಡಿ, ‘ಇದು ಸವೆದು ಹೋದದ್ದಲ್ಲ ಮಾರಾಯ್ರೆ, ಎಳೆದು ಹರಿದದ್ದು’ ಎಂದರು.

ಅವರ ಮಾತು ಗ್ರಾಹಕ ಆಯೋಗದ ಮುಂದೆ ನಿಲ್ಲುವುದಿಲ್ಲ ಎಂದುಕೊಂಡು ಗುಜರಿಯಿಂದ ಅದೇ ಮಾದರಿಯ ಎರಡು ಕ್ಲಾಕ್ ಸ್ಪ್ರಿಂಗ್ ತಂದೆ, ಒಂದಕ್ಕೆ 900. ಮೊದಲನೆಯದನ್ನು ಮೆಲ್ಲಗೆ ತಿರುಗಿಸಿ ಎಣಿಸಿದೆ: ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಹೆಚ್ಚುಕಡಿಮೆ ಐದು ಸುತ್ತು. ನನ್ನ ಕಾರಿನ ಸ್ಟೀರಿಂಗ್ ಎಡದ ಕೊನೆಯಿಂದ ಬಲದ ಕೊನೆಗೆ ಮೂರು ಸುತ್ತಿಗಿಂತ ತುಸು ಹೆಚ್ಚು. ಹಾಗಾಗಿ ನಡುಸ್ಥಾನದಲ್ಲಿ ಸರಿಯಾಗಿ ಕೂರಿಸಿದರೆ ಎರಡೂ ಬದಿಗೆ ಮುಕ್ಕಾಲು ಸುತ್ತಿಗಿಂತ ಹೆಚ್ಚು ಸಡಿಲ ಉಳಿಯುತ್ತದೆ; ಚಕ್ರ ಬಿಚ್ಚಿದ ಹೊತ್ತಿನಲ್ಲಿ ಯಾರದೋ ಕೈ ತಾಗಿ ಒಂದೇ ಒಂದು ಸುತ್ತು ತಿರುಗಿಹೋದರೆ ಆ ಸಡಿಲ ಒಂದು ಬದಿಯಲ್ಲಿ ಮುಗಿದು, ಹೆದ್ದಾರಿಯಲ್ಲಿ ಏನೂ ಆಗದೆ, ಮೊದಲ ಬಾರಿ ಪೂರ್ತಿ ತಿರುಗಿಸಿದಾಗ ಹರಿಯುತ್ತದೆ. ಮೂರನೆಯ ದಿನ ಅಂಗಳದಲ್ಲೇ ಏಕೆ ಹರಿಯಿತು ಎಂಬುದಕ್ಕೆ ಇದಕ್ಕಿಂತ ಸರಳ ಉತ್ತರವಿಲ್ಲ. ಎರಡನೆಯದನ್ನು ಬೇಕೆಂದೇ ಒಂದು ಸುತ್ತು ತಪ್ಪಿಸಿ ಇಟ್ಟು, ಬಲಕ್ಕೆ ತಿರುಗಿಸಿ ಹರಿದೆ, ಮೊಬೈಲನ್ನು ಅಕ್ಕಿಡಬ್ಬಿಗೆ ಒರಗಿಸಿ ವಿಡಿಯೊ ಮಾಡಿದೆ. ಅದೇ ಜಾಗ, ಅದೇ ಮಡಿಕೆ, ಅದೇ ‘ಟಪ್’. ಆ ಕ್ಷಣ ನನಗಾದ ಸಂತೋಷ ಮುಂದೆ ಚೆಕ್ಕು ಬಂದಾಗಲೂ ಆಗಲಿಲ್ಲ. ತಂತಿಯ ಸಂಪರ್ಕ ಪರೀಕ್ಷಿಸುವ ಮಲ್ಟಿಮೀಟರ್ ಬಳಸಿದ್ದು ಬಿಚ್ಚಿ ತೆಗೆದ ಈ ಭಾಗಗಳ ಮೇಲೆ ಮಾತ್ರ. ಏರ್‌ಬ್ಯಾಗ್‌ನ ತಂತಿಗೆ ಅದನ್ನು ಹಚ್ಚುವ ಹುಚ್ಚು ಯಾರೂ ಮಾಡಬಾರದು. ಈ ನಡುವೆ ಕಾರಿನ ಕಂಪ್ಯೂಟರಿನಲ್ಲಿ ದಾಖಲಾಗುವ ದೋಷದ ಕೋಡ್ ಓದಲೆಂದು 650 ಕೊಟ್ಟು ಕೊಂಡ ಅಗ್ಗದ ಒಬಿಡಿ ಡಾಂಗಲ್ ಎಂಜಿನ್ನಿನ ಸಮಾಚಾರ ಬಿಟ್ಟರೆ ಏರ್‌ಬ್ಯಾಗ್‌ನ ಒಂದಕ್ಷರವನ್ನೂ ತೋರಿಸಲಿಲ್ಲ. ಆ ಹಣ ನೀರಿಗೆ ಹೋಯಿತು.

ಇಷ್ಟಾದ ಮೇಲೆ ನೋಂದಾಯಿತ ಅಂಚೆಯಲ್ಲಿ ಡೀಲರ್‌ಗೂ ಕಾರು ತಯಾರಿಸಿದ ಕಂಪನಿಗೂ ನೋಟಿಸ್ ಕಳುಹಿಸಿದೆ. ಅದರಲ್ಲಿ ನಾಲ್ಕು ದಾಖಲೆಗಳನ್ನು ಕೇಳಿದ್ದೆ: ರೀಕಾಲ್ ಕೆಲಸದ ಮೂಲ ಜಾಬ್ ಕಾರ್ಡ್, ಕೆಲಸ ಮಾಡಿದ ತಂತ್ರಜ್ಞನ ತರಬೇತಿಯ ದಾಖಲೆ, ಎರಡೂ ಭೇಟಿಗಳ ಸ್ಕ್ಯಾನ್ ವರದಿ. ನಾಲ್ಕನೆಯದನ್ನು ಇಲ್ಲಿ ಹೇಳುವುದಿಲ್ಲ. ಎಲ್ಲರೂ ಕೇಳತೊಡಗಿದರೆ ಅದನ್ನು ಇಟ್ಟುಕೊಳ್ಳುವ ಪದ್ಧತಿಯನ್ನೇ ಅವರು ಬಿಟ್ಟಾರು. ನೋಟಿಸಿಗೆ ಡೀಲರ್ ಕಡೆಯ ವಕೀಲರಿಂದ ಬಂದ ಉತ್ತರ ಮಾತ್ರ ಬುದ್ಧಿವಂತಿಕೆಯದಾಗಿತ್ತು: ರೀಕಾಲ್ ಉಚಿತ ಸೇವೆ, ಉಚಿತ ಸೇವೆಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನ್ವಯಿಸುವುದಿಲ್ಲ, ಮೇಲಾಗಿ ಎರಡನೆಯ ಮಾಲೀಕರಾದ ನೀವು ನಮ್ಮಿಂದ ಕಾರನ್ನೇ ಕೊಂಡಿಲ್ಲ.

ಕಾಯ್ದೆಯ ಕಲಂ 2(42) ತೆರೆದು ನೋಡಿದರೆ ಉಚಿತ ಸೇವೆಯನ್ನು ಹೊರಗಿಟ್ಟಿರುವುದು ನಿಜ. ಎರಡು ರಾತ್ರಿ ನಿದ್ದೆ ಬರಲಿಲ್ಲ. ಮೂರನೆಯ ಬೆಳಿಗ್ಗೆ ಹೊಳೆಯಿತು: ನನ್ನ ತಕರಾರು ಇರುವುದು ಉಚಿತ ಬಿಲ್ಲಿನ ಬಗ್ಗೆ ಅಲ್ಲ, ನನ್ನದೇ ಹೆಸರಿನಲ್ಲಿ, ಜಿಎಸ್‌ಟಿ ಸಮೇತ ಅವರೇ ಕೊಟ್ಟ 12,800ರ ಬಿಲ್ಲಿನ ಬಗ್ಗೆ. ನನ್ನನ್ನು ಗ್ರಾಹಕನನ್ನಾಗಿ ಮಾಡಿದ್ದು ಆ ಬಿಲ್ಲೇ. ಕಾರನ್ನು ಯಾರಿಂದ ಕೊಂಡೆನೆಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ಆ ದಿನ ಹಣ ಕೊಡದೆ ಜಗಳವಾಡಿ ಹೇಗೋ ಬಿಡಿಸಿಕೊಂಡು ಬಂದಿದ್ದರೆ ನಾನು ಈ ವಾದದಲ್ಲಿ ಸೋಲುತ್ತಿದ್ದೆನೋ ಏನೋ. ಹಾಗಾಗಿ ದೂರಿನಲ್ಲಿ ರೀಕಾಲನ್ನು ಹಿನ್ನೆಲೆಗೆ ತಳ್ಳಿ, ತಮ್ಮ ಕೈಯಿಂದಲೇ ಆದ ಹಾನಿಯೆಂಬುದನ್ನು ಮುಚ್ಚಿಟ್ಟು ಸವೆತವೆಂದು ಹೇಳಿ ಹಣ ವಸೂಲು ಮಾಡಿದ್ದು ಕಲಂ 2(11)ರ ಪ್ರಕಾರ ಸೇವಾ ನ್ಯೂನತೆ ಎಂಬುದನ್ನು ಮುಂದಿಟ್ಟೆ. ಮಾಹಿತಿಯನ್ನು ಬೇಕೆಂದೇ ತಡೆಹಿಡಿಯುವುದೂ ಆ ವ್ಯಾಖ್ಯೆಯೊಳಗೆ ಬರುತ್ತದೆ. ಉತ್ಪನ್ನ ಹೊಣೆಗಾರಿಕೆಯ ಅಧ್ಯಾಯದ ಮೇಲೆ ನಾನು ಆಸೆಪಟ್ಟು ಬರೆದಿದ್ದ ಒಂದೂವರೆ ಪುಟವನ್ನು ಪರಿಚಯದ ವಕೀಲರೊಬ್ಬರು ಕೆಂಪು ಪೆನ್ನಿನಿಂದ ಅಡ್ಡಗೆರೆ ಎಳೆದು ತೆಗೆದರು, ಏಕೆಂದರೆ ಆ ಅಧ್ಯಾಯದಲ್ಲಿ ‘ಹಾನಿ’ ಎಂಬ ಪದ ಉತ್ಪನ್ನಕ್ಕೇ ಆದ ಹಾನಿಯನ್ನು ಒಳಗೊಳ್ಳುವುದಿಲ್ಲ. ಓದಿ ತಿದ್ದಿದ್ದಕ್ಕೆ ಅವರು ತೆಗೆದುಕೊಂಡದ್ದು 1,500.

ಗ್ರಾಹಕ ಆಯೋಗಗಳಿಗೆ ದೂರು ಸಲ್ಲಿಸುವ ಆಗಿನ ಜಾಲತಾಣವಾದ ಇ-ದಾಖಿಲ್‌ನಲ್ಲಿ ದೂರು ಹಾಕಿದೆ. ಐದು ಲಕ್ಷದವರೆಗೆ ಶುಲ್ಕವಿಲ್ಲ, ದೂರುದಾರ ವಾಸಿಸುವ ಜಿಲ್ಲೆಯಲ್ಲೇ ಹಾಕಬಹುದು, ಆದ್ದರಿಂದ ಮಂಗಳೂರಿನ ಬದಲು ಉಡುಪಿ ಜಿಲ್ಲಾ ಆಯೋಗ. ಕಡತವನ್ನು ಒಂದೆರಡು ಸಲ ದೋಷ ತಿದ್ದಲೆಂದು ಮರಳಿಸಿದರು, ಪ್ರತಿ ಸಲವೂ ಪುಟಸಂಖ್ಯೆಯ ತಂಟೆ. ದೂರು ದಾಖಲಾಗಿ ನೋಟಿಸ್ ತಲುಪಿದ ಮೇಲೆ ಉತ್ತರ ಕೊಡಲು ಅವರಿಗೆ ಮೂವತ್ತು ದಿನ, ಹೆಚ್ಚೆಂದರೆ ಇನ್ನು ಹದಿನೈದು. ಇಪ್ಪತ್ತನೆಯ ದಿನದ ಸುಮಾರಿಗೆ ಫೋನು ಬಂತು, ಡೀಲರ್‌ನದಲ್ಲ, ಕಂಪನಿಯ ಏರಿಯಾ ಸರ್ವಿಸ್ ಮ್ಯಾನೇಜರ್‌ರದು. ತಯಾರಕರನ್ನೂ ಎದುರುದಾರರನ್ನಾಗಿ ಸೇರಿಸಿದ್ದರ ಫಲವಿದು. ಡೀಲರ್ ಒಬ್ಬರನ್ನೇ ಸೇರಿಸಿದ್ದರೆ ವಾಯಿದೆಯ ಮೇಲೆ ವಾಯಿದೆ ಪಡೆದು ದಣಿಸುತ್ತಿದ್ದರು.

ಮೊದಲು ಮುಂದಿನ ಸರ್ವಿಸ್‌ಗೆ ಮೂವತ್ತು ಶೇಕಡಾ ರಿಯಾಯಿತಿ ಎಂದರು. ಆಮೇಲೆ ‘ಸೌಹಾರ್ದಕ್ಕಾಗಿ’ ಆರು ಸಾವಿರ ಎಂದರು. ನಾನು ಗುಜರಿ ಭಾಗದ ವಿಡಿಯೊವನ್ನು ಆವರೆಗೆ ಯಾರಿಗೂ ತೋರಿಸಿರಲಿಲ್ಲ. ದೂರಿನ ಜೊತೆಗೂ ಹಾಕಿರಲಿಲ್ಲ. ಆ ದಿನ ಸಂಜೆ ಅವರೊಬ್ಬರಿಗೇ ಕಳುಹಿಸಿದೆ. ಮರುದಿನ ಅವರು ಮನೆಗೇ ಬಂದು, ಚಹಾ ಕುಡಿಯುತ್ತಾ, ಮಾಡ್ಯೂಲಿನ ಒಂದು ಬೋಲ್ಟ್ ಉಪ್ಪುಗಾಳಿಗೆ ತುಕ್ಕು ಹಿಡಿದು ತೊಂದರೆ ಕೊಟ್ಟದ್ದರಿಂದ ಹುಡುಗರು ಚಕ್ರವನ್ನೇ ಕಿತ್ತರೆಂದು ಬಾಯಿಬಿಟ್ಟರು. ತುಕ್ಕು ಹಿಡಿದದ್ದು ಯಾರ ತಪ್ಪೂ ಅಲ್ಲ. ಹೇಳಿಬಿಟ್ಟಿದ್ದರೆ ನಾನೇ ಬೋಲ್ಟಿನ ಹಣ ಕೊಡುತ್ತಿದ್ದೆ.

ಕೊನೆಗೆ ಬಿಲ್ಲಿನ ಪೂರ್ತಿ ಮೊತ್ತ, ಖರ್ಚಿಗೆಂದು ನಾಲ್ಕು ಸಾವಿರ ಎಂದು ಒಪ್ಪಿಗೆಯಾಯಿತು. ದೂರಿನಲ್ಲಿ ಪರಿಹಾರವೆಂದು ಇಪ್ಪತ್ತೈದು ಸಾವಿರ ಕೇಳಿದ್ದನ್ನು ಬಿಟ್ಟುಕೊಟ್ಟೆ. ಬಿಟ್ಟುಕೊಡದೆ ಇದ್ದದ್ದು ಒಂದೇ: ಸೌಹಾರ್ದ, ಸೌಜನ್ಯ ಎಂಬ ಮಾತುಗಳೊಂದೂ ಇರದೆ, ಮೂಲ ಬಿಲ್ಲಿನ ಸಂಖ್ಯೆ ನಮೂದಿಸಿದ ಕ್ರೆಡಿಟ್ ನೋಟ್, ಅಂದರೆ ಆ ಬಿಲ್ಲಿನ ಹಣ ವಾಪಸೆಂಬ ಲಿಖಿತ ದಾಖಲೆ, ಬೇಕೆಂಬುದು. ಅದಕ್ಕೆ ಇನ್ನೂ ಮೂರು ವಾರ ಹಿಡಿಯಿತು. ನನ್ನ ಕೈಯಿಂದ ಹೋದದ್ದು ಗುಜರಿಗೆ 1,800, ಡಾಂಗಲ್‌ಗೆ 650, ವಕೀಲರಿಗೆ 1,500, ಅಂಚೆ ಮತ್ತು ಜೆರಾಕ್ಸ್‌ಗೆ ಮುನ್ನೂರು, ಮಂಗಳೂರು ಮತ್ತು ಉಡುಪಿಗೆ ಓಡಾಡಿದ ಪೆಟ್ರೋಲಿಗೆ ಎರಡೂವರೆ ಸಾವಿರದ ಹತ್ತಿರ. ಖರ್ಚಿಗೆಂದು ಕೊಟ್ಟ ನಾಲ್ಕು ಸಾವಿರ ಅದಕ್ಕೆ ಸಾಲಲಿಲ್ಲ ಎಂದು ಭಾವ ಈಗಲೂ ಎತ್ತಿ ಆಡುತ್ತಾರೆ.

ಅದೇ ಕಾರಿನ ಪ್ರಯಾಣಿಕನ ಬದಿಯ ಇನ್‌ಫ್ಲೇಟರ್‌ಗೂ ರೀಕಾಲ್ ಇದೆಯೆಂದು ಕಳೆದ ತಿಂಗಳು ಪತ್ರ ಬಂತು, ಈ ಬಾರಿ ನನ್ನದೇ ವಿಳಾಸಕ್ಕೆ. ಕಾರು ಬಿಡುವ ಮೊದಲು ಎಂಜಿನ್ ಚಾಲೂ ಇಟ್ಟು ಡ್ಯಾಶ್‌ಬೋರ್ಡ್, ಹಾರ್ನ್, ಗ್ಲೋವ್ ಬಾಕ್ಸ್, ಎಸಿಯ ಕಿಂಡಿಗಳು ಎಲ್ಲವನ್ನೂ ಸೇರಿಸಿ ನಾಲ್ಕು ನಿಮಿಷದ ವಿಡಿಯೊ ಮಾಡಿದೆ. ಅಡ್ವೈಸರ್ ಹೊಸಬರು, ಪಕ್ಕದಲ್ಲಿ ನಿಂತು ನೋಡುತ್ತಿದ್ದರು. ಬಿಡಿಸಿಕೊಳ್ಳುವಾಗ ತೃಪ್ತಿಯ ಚೀಟಿ ಮುಂದೆ ಬಂದಾಗ ‘ಊರು ಮುಟ್ಟಿದ ಮೇಲೆ ಸಹಿ ಹಾಕಿ ಕಳುಹಿಸುತ್ತೇನೆ’ ಎಂದೆ. ಗೇಟ್ ಪಾಸ್ ಸಿಕ್ಕಿತು.