ಬೂಟ್ ಎಲ್ಲಿ ನಿಂತಿದೆ ಎಂದು ಕಂಡುಕೊಂಡದ್ದು

ನನ್ನ ಲಿನಕ್ಸ್ ಕಂಪ್ಯೂಟರಿನಲ್ಲಿ ಎರಡನೇ ಡಿಸ್ಕಿನ ಡೇಟಾ ಪಾರ್ಟಿಷನ್ ಫಾರ್ಮ್ಯಾಟ್ ಮಾಡಿ, ಬ್ಯಾಕಪ್‌ನಿಂದ ಫೈಲುಗಳನ್ನೆಲ್ಲ ಮತ್ತೆ ತುಂಬಿಸಿ ರೀಸ್ಟಾರ್ಟ್ ಕೊಟ್ಟೆ. ಸಿಸ್ಟಮ್ ಅನ್ನು ಲೋಡ್ ಮಾಡುವ ಗ್ರಬ್ ಪ್ರೋಗ್ರಾಮಿನ ಮೆನು ಬಂತು, ಲೋಗೋ ಬಂತು, ಅಲ್ಲಿಗೇ ನಿಂತಿತು. ಒಂದು ನಿಮಿಷ ಕಾದು ಪವರ್ ಬಟನ್ ಒತ್ತಿ ಆರಿಸಿದೆ. ಹೀಗೇ ಮೂರು ಸಲ.

ಗಾಬರಿಯಲ್ಲಿ ಲೈವ್ ಯುಎಸ್‌ಬಿ (ಪೆನ್‌ಡ್ರೈವ್‌ನಿಂದಲೇ ಓಡುವ ಲಿನಕ್ಸ್) ಹಾಕಿ ಗ್ರಬ್ ಅನ್ನೇ ಮತ್ತೆ ಇನ್‌ಸ್ಟಾಲ್ ಮಾಡಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ಮೆನು ಕಾಣಿಸಿ, ಸಿಸ್ಟಮ್‌ನ ತಿರುಳಾದ ಕರ್ನಲ್ ಲೋಡ್ ಆದ ಮೇಲೆ ಗ್ರಬ್‌ನ ಕೆಲಸ ಮುಗಿಯಿತು. ಮುಂದಿನದು ಇನಿಟ್‌ರಾಮ್‌ಎಫ್‌ಎಸ್‌ದೋ (ಬೂಟ್‌ನ ಆರಂಭಕ್ಕೆ ಬೇಕಾದ ತಾತ್ಕಾಲಿಕ ಫೈಲುಗಳ ಗಂಟು) ಸಿಸ್ಟಮ್‌ಡಿಯದೋ (ಉಳಿದ ಸೇವೆಗಳನ್ನೆಲ್ಲ ಶುರುಮಾಡುವ ಪ್ರೋಗ್ರಾಂ) ತೊಂದರೆ. ಇದನ್ನು ಯೋಚಿಸಿದ್ದರೆ ಅರ್ಧ ದಿನ ಉಳಿಯುತ್ತಿತ್ತು.

ಆಮೇಲೆ ಗ್ರಬ್ ಮೆನುವಿನಲ್ಲಿ 'ಇ' ಒತ್ತಿ, 'ಲಿನಕ್ಸ್' ಎಂದು ಶುರುವಾಗುವ ಸಾಲಿನ ಕೊನೆಯಲ್ಲಿದ್ದ 'ಕ್ವಯಟ್ ಸ್ಪ್ಲ್ಯಾಶ್' ಅಳಿಸಿ, ಕಂಟ್ರೋಲ್-ಎಕ್ಸ್ ಒತ್ತಿದೆ. ಈ ಬದಲಾವಣೆ ಆ ಒಂದು ಬೂಟ್‌ಗೆ ಮಾತ್ರ, ಹಾಗಾಗಿ ಹೆದರಬೇಕಿಲ್ಲ. ಲೋಗೋ ಮರೆಮಾಡಿದ್ದ ಸಾಲುಗಳೆಲ್ಲ ಸರಸರನೆ ಹರಿದು ಬಂದವು. ಕೊನೆಯ ಸಾಲಿನಲ್ಲಿ ಕೆಂಪು ನಕ್ಷತ್ರಗಳು ಅತ್ತಿತ್ತ ಓಡಾಡುತ್ತಿದ್ದವು. ಪಕ್ಕದಲ್ಲಿ ಒಂದು ಉದ್ದನೆಯ ಯುಯುಐಡಿ (ಪಾರ್ಟಿಷನ್ ಗುರುತಿಸುವ ಸಂಖ್ಯೆ), ಅದರ ಮುಂದೆ ಏರುತ್ತಿದ್ದ ಸೆಕೆಂಡುಗಳು, ಮಿತಿ 1 ನಿಮಿಷ 30 ಸೆಕೆಂಡ್. ಇಷ್ಟು ಹೊತ್ತು ಅದು ಒಂದು ಡಿಸ್ಕಿಗಾಗಿ ಕಾಯುತ್ತಿತ್ತು; ನಾನು 90 ಸೆಕೆಂಡ್ ಆಗುವ ಮೊದಲೇ ಆರಿಸಿಬಿಡುತ್ತಿದ್ದೆ.

ಈ ಸಲ ಸುಮ್ಮನೆ ಕಾದೆ. ರಿಪೇರಿಗೆಂದೇ ಇರುವ ಎಮರ್ಜೆನ್ಸಿ ಮೋಡ್ ಬಂತು, ರೂಟ್ (ಅಡ್ಮಿನ್) ಪಾಸ್‌ವರ್ಡ್ ಕೊಟ್ಟೆ. 'ಜರ್ನಲ್‌ಸಿಟಿಎಲ್ -ಎಕ್ಸ್‌ಬಿ' ಕೊಟ್ಟು ಈ ಬೂಟ್‌ನ ಲಾಗ್ ಓದಿದಾಗ ಅದೇ ಯುಯುಐಡಿ ಟೈಮ್‌ಔಟ್ ಆದದ್ದೂ, ಅದನ್ನು ನೆಚ್ಚಿಕೊಂಡಿದ್ದ ಮೌಂಟ್ (ಪಾರ್ಟಿಷನ್ ಅನ್ನು ಸಿಸ್ಟಮ್‌ಗೆ ಜೋಡಿಸುವ ಕೆಲಸ) ಬಿದ್ದುಹೋದದ್ದೂ ಸ್ಪಷ್ಟವಾಗಿತ್ತು. 'ಎಲ್‌ಎಸ್‌ಬಿಎಲ್‌ಕೆ -ಎಫ್' ಕೊಟ್ಟು ಡಿಸ್ಕುಗಳ ಯುಯುಐಡಿ ನೋಡಿ, ಯಾವುದನ್ನು ಎಲ್ಲಿ ಮೌಂಟ್ ಮಾಡಬೇಕೆಂದು ಬರೆದಿಡುವ ಎಫ್‌ಎಸ್‌ಟ್ಯಾಬ್ ಫೈಲಿನ ಜೊತೆ ಅಕ್ಷರಕ್ಕೆ ಅಕ್ಷರ ಹೋಲಿಸಿದೆ. ಡಿಸ್ಕಿನಲ್ಲಿದ್ದದ್ದೇ ಬೇರೆ, ಫೈಲಿನಲ್ಲಿದ್ದದ್ದೇ ಬೇರೆ. ಫಾರ್ಮ್ಯಾಟ್ ಮಾಡಿದಾಗ ಫೈಲ್‌ಸಿಸ್ಟಮ್‌ಗೆ ಹೊಸ ಯುಯುಐಡಿ ಬರುತ್ತದೆ. ಎಫ್‌ಎಸ್‌ಟ್ಯಾಬ್ ಮಾತ್ರ ಹಳೆಯದನ್ನೇ ಹಿಡಿದು ಕೂತಿತ್ತು.

ಹೊಸದನ್ನು ಬರೆದು, ಆ ಸಾಲಿಗೆ 'ನೋಫೇಲ್' ಸೇರಿಸಿದೆ. ಡೇಟಾ ಡಿಸ್ಕ್ ಸಿಗದಿದ್ದರೂ ಲಾಗಿನ್‌ವರೆಗೆ ಹೋಗಲು ಅದು ಸಾಕು. ಸಿಸ್ಟಮ್ ಇರುವ ರೂಟ್ ಪಾರ್ಟಿಷನ್ ಸಾಲಿಗೆ ಮಾತ್ರ ಅದನ್ನು ಹಾಕಬೇಡಿ. ರೀಸ್ಟಾರ್ಟ್ ಮಾಡುವ ಮುಂಚೆ, ಎಫ್‌ಎಸ್‌ಟ್ಯಾಬ್ ಪರೀಕ್ಷಿಸುವ 'ಫೈಂಡ್‌ಎಂಎನ್‌ಟಿ --ವೆರಿಫೈ' ಓಡಿಸಿದೆ, ತಪ್ಪು ತೋರಿಸಲಿಲ್ಲ. ಈಗ ಎಫ್‌ಎಸ್‌ಟ್ಯಾಬ್ ಮುಟ್ಟಿದಾಗಲೆಲ್ಲ ಈ ಕಮಾಂಡ್ ಓಡಿಸಿಯೇ ಮುಂದಿನ ಕೆಲಸ.