ಸುಸ್ತು, ತೂಕ, ಥೈರಾಯ್ಡ್: ಯುವತಿಯರು ಪರೀಕ್ಷೆ ಮಾಡಿಸಿಕೊಳ್ಳುವ ಕ್ರಮ

ತೂಕ ಏರತೊಡಗಿದ ಹೆಣ್ಣುಮಕ್ಕಳಿಗೆ ‘ಥೈರಾಯ್ಡ್ ಇರಬೇಕು’ ಎಂಬ ಮಾತು ಮನೆಯಿಂದಲೇ ಕೇಳಿಬರುತ್ತದೆ. ಕತ್ತಿನ ಮುಂಭಾಗದ ಈ ಗ್ರಂಥಿ ಸ್ರವಿಸುವ ಟಿ4, ಟಿ3 ಹಾರ್ಮೋನುಗಳು ಮೂಲ ಚಯಾಪಚಯವನ್ನು, ಅಂದರೆ ಸುಮ್ಮನೆ ಮಲಗಿದ್ದಾಗಲೂ ಉಸಿರಾಟ, ಹೃದಯಬಡಿತ ಮತ್ತು ಮೈಬಿಸಿಗೆ ಖರ್ಚಾಗುವ ಶಕ್ತಿಯನ್ನು ನಿಯಂತ್ರಿಸುತ್ತವೆ. ಹಾರ್ಮೋನು ತಗ್ಗಿದರೆ ಈ ಖರ್ಚೂ ತಗ್ಗುತ್ತದೆ. ಆದರೂ ಅದರಿಂದ ಏರುವ ತೂಕ ಸಾಮಾನ್ಯವಾಗಿ 2ರಿಂದ 5 ಕಿಲೋ ಮಾತ್ರ, ಅದರಲ್ಲೂ ಬಹುಪಾಲು ಮೈಯಲ್ಲಿ ನಿಂತ ಉಪ್ಪು, ನೀರು. ಹದಿನೈದು ಕಿಲೋ ಏರಿಕೆಯನ್ನು ಥೈರಾಯ್ಡ್ ಒಂದರ ಮೇಲೆಯೇ ಹೊರಿಸಬಾರದು.

ಮೊದಲಿಗೆ, ಮುಟ್ಟಿನ ದಿನಾಂಕ ಮತ್ತು ರಕ್ತಸ್ರಾವದ ಪ್ರಮಾಣ, ಮಲಬದ್ಧತೆ, ಚಳಿ ತಡೆಯಲಾಗದಿರುವುದು, ಚರ್ಮ ಒಣಗುವುದು, ಕೂದಲು ಉದುರುವುದು ಇವನ್ನು ಬರೆದಿಟ್ಟುಕೊಂಡು ವೈದ್ಯರಿಗೆ ತೋರಿಸಿ. ರಕ್ತಹೀನತೆಯಲ್ಲೂ ಸುಸ್ತು ಇದೇ ರೀತಿ ಕಾಡುವುದರಿಂದ ಹಿಮೋಗ್ಲೋಬಿನ್ ಪರೀಕ್ಷೆಯನ್ನೂ ಕೇಳಿ ಮಾಡಿಸಿಕೊಳ್ಳಿ.

ರಕ್ತ ಕೊಡುವ ಮುನ್ನ ಗಮನಿಸಬೇಕಾದ ಮುಖ್ಯ ಸಂಗತಿ ಬಯೋಟಿನ್ ಎಂಬ ಬಿ ಗುಂಪಿನ ವಿಟಮಿನ್. ಕೂದಲಿಗೆಂದು ನುಂಗುವ ಹಲವು ಮಾತ್ರೆಗಳಲ್ಲಿ ಇದು ಹೆಚ್ಚಿನ ಪ್ರಮಾಣದಲ್ಲಿರುತ್ತದೆ. ಕೆಲವು ಪರೀಕ್ಷಾ ವಿಧಾನಗಳಲ್ಲಿ ಇದರಿಂದ, ಥೈರಾಯ್ಡನ್ನು ಪ್ರಚೋದಿಸುವ ಮತ್ತು ಅದು ಸೋತಾಗ ಏರುವ ಹಾರ್ಮೋನಾದ ಟಿಎಸ್‌ಎಚ್ ತಪ್ಪಾಗಿ ಕಡಿಮೆಯಾಗಿಯೂ ಟಿ4 ತಪ್ಪಾಗಿ ಹೆಚ್ಚಾಗಿಯೂ ಕಾಣಿಸುವುದರಿಂದ, ಕನಿಷ್ಠ ಎರಡು ದಿನ ಮೊದಲೇ ಅದನ್ನು ನಿಲ್ಲಿಸಬೇಕು. ಟಿಎಸ್‌ಎಚ್ ದಿನದ ಹೊತ್ತಿನೊಂದಿಗೆ ಏರಿಳಿಯುತ್ತದೆ. ಆದ್ದರಿಂದ ಪ್ರತಿಬಾರಿಯೂ ಬೆಳಗಿನ ಅದೇ ಹೊತ್ತಿಗೆ, ಸಾಧ್ಯವಾದರೆ ಅದೇ ಪ್ರಯೋಗಾಲಯದಲ್ಲಿ ರಕ್ತ ಕೊಡುವುದು ಒಳ್ಳೆಯದು.

ವರದಿಯಲ್ಲಿ ಟಿಎಸ್‌ಎಚ್ ಸುಮಾರು 0.4ರಿಂದ 4ರೊಳಗಿದ್ದರೆ ಸಹಜ. ತುಸು ಹೆಚ್ಚಿದ್ದು ಟಿ4 ಸರಿಯಿದ್ದರೆ ಎರಡು ಮೂರು ತಿಂಗಳ ನಂತರ ಮತ್ತೆ ಪರೀಕ್ಷಿಸುವುದು ವಾಡಿಕೆ. ಗರ್ಭಿಣಿಯರಿಗೆ ಮಿತಿ ಬೇರೆ, ಅವರು ಕಾಯಬಾರದು.

ಮೊಬೈಲ್ ಆ್ಯಪ್ ತೋರಿಸುವ ‘ಬಿಎಂಆರ್’ (ಮೂಲ ಚಯಾಪಚಯದ ದರ) ನಂಬಿ ಥೈರಾಯ್ಡ್ ಅಳೆಯಲಾಗದು. ಬಳಕೆಯಲ್ಲಿರುವ 1990ರ ಸೂತ್ರವೊಂದು ಹೀಗಿದೆ: ತೂಕವನ್ನು 10ರಿಂದಲೂ ಸೆಂಟಿಮೀಟರಿನ ಎತ್ತರವನ್ನು 6.25ರಿಂದಲೂ ಗುಣಿಸಿ ಕೂಡಿಸಿ, ವಯಸ್ಸಿನ ಐದು ಪಟ್ಟನ್ನೂ 161ನ್ನೂ ಕಳೆಯಿರಿ. 55 ಕಿಲೋ, 158 ಸೆಂಟಿಮೀಟರ್, 22 ವರ್ಷದ ಯುವತಿಗೆ ಸುಮಾರು 1,267 ಕ್ಯಾಲೊರಿ ಬರುತ್ತದೆ. ಅದೇ ಅಳತೆಯ ಇನ್ನೊಬ್ಬಳ ಗ್ರಂಥಿ ಕೆಲಸ ನಿಲ್ಲಿಸಿದ್ದರೂ ಸೂತ್ರ ಕೊಡುವುದು ಇದೇ ಸಂಖ್ಯೆ, ಏಕೆಂದರೆ ಹಾರ್ಮೋನಿಗೆ ಅದರಲ್ಲಿ ಜಾಗವೇ ಇಲ್ಲ. ನಿಜವಾದ ಅಳತೆ ಬೇಕಾದರೆ ರಾತ್ರಿಯಿಡೀ ಉಪವಾಸವಿದ್ದು, ಅಲುಗಾಡದೆ ಮಲಗಿ, ಉಸಿರಿನಲ್ಲಿ ಬಳಕೆಯಾದ ಆಮ್ಲಜನಕವನ್ನು ಅಳೆಯಬೇಕು. 1895ರಲ್ಲಿ ಬರ್ಲಿನ್ನಿನ ವೈದ್ಯ ಮ್ಯಾಗ್ನಸ್-ಲೆವಿ ಈ ಹಾದಿಯಲ್ಲೇ ಥೈರಾಯ್ಡಿಗೂ ಚಯಾಪಚಯಕ್ಕೂ ಇರುವ ನಂಟನ್ನು ತೋರಿಸಿದರು. ಇಂದು ರೋಗ ಪತ್ತೆಗೆ ರಕ್ತಪರೀಕ್ಷೆಯೇ ಸಾಕು.

ವೈದ್ಯರು ಲೆವೊಥೈರಾಕ್ಸಿನ್ (ಕೃತಕವಾಗಿ ತಯಾರಿಸಿದ ಟಿ4) ಮಾತ್ರೆ ಬರೆದುಕೊಟ್ಟರೆ ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ, ಕಾಫಿ-ತಿಂಡಿಗೆ ಅರ್ಧದಿಂದ ಒಂದು ಗಂಟೆ ಬಿಡಿ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆಗಳ ಅಂತರವಿರಲಿ. ಟಿ4 ದೇಹದಲ್ಲಿ ಅರ್ಧಕ್ಕಿಳಿಯಲು ಸುಮಾರು ಒಂದು ವಾರ ಹಿಡಿಯುವುದರಿಂದ, ಮಾತ್ರೆಯ ಪ್ರಮಾಣ ಬದಲಾದ ಮೇಲೆ 6ರಿಂದ 8 ವಾರ ಕಳೆದ ನಂತರವೇ ಮರುಪರೀಕ್ಷೆಗೆ ಅರ್ಥವಿದೆ. ಕೇವಲ ತೂಕ ಇಳಿಸುವುದಕ್ಕೆಂದು ಇದನ್ನು ನುಂಗಲೇಬೇಡಿ, ಹೃದಯಬಡಿತ ಏರುಪೇರಾಗುವ ಮತ್ತು ಮೂಳೆ ಸವೆಯುವ ಅಪಾಯವಿದೆ.